ಲಾಂಗೊಥ್ಲೆನ್: ಜಗತ್ತನ್ನು ಮನೆಗೆ ಕರೆದ ಊರು

ವೇಲ್ಸ್‌ನ ಈಶಾನ್ಯ ಭಾಗದಲ್ಲಿ, ಡೀ ನದಿಯ ಎರಡೂ ದಡಕ್ಕೆ ಹಬ್ಬಿಕೊಂಡಿರುವ ಸಣ್ಣ ಊರು ಲಾಂಗೊಥ್ಲೆನ್. ಜನಸಂಖ್ಯೆ ನಾಲ್ಕು ಸಾವಿರವೂ ಇಲ್ಲ. ಒಂದು ಕಡೆಯಿಂದ ನಡೆದರೆ ಹದಿನೈದು ನಿಮಿಷದಲ್ಲಿ ಇನ್ನೊಂದು ಕಡೆ ಮುಟ್ಟಿಬಿಡಬಹುದು. ಆದರೆ ಜುಲೈ ತಿಂಗಳ ಆರಂಭದಲ್ಲಿ ಈ ಊರಿಗೆ ಜಗತ್ತಿನ ಹತ್ತಾರು ದೇಶಗಳ ಹಾಡುಗಾರರು, ಕುಣಿತದವರು ಬಂದಿಳಿಯುತ್ತಾರೆ. ಇದು ಅಂತರರಾಷ್ಟ್ರೀಯ ಸಂಗೀತ ಐಸ್ಟೆದ್‌ವೊಡ್. 1947ರಲ್ಲಿ ಶುರುವಾದ ಹಬ್ಬ. ಐಸ್ಟೆದ್‌ವೊಡ್ ಅನ್ನುವುದು ವೇಲ್ಸ್ ಜನರ ಹಳೆಯ ಪದ್ಧತಿ. ಹಾಡು, ಕವಿತೆಗಳ ಸ್ಪರ್ಧೆ ಇಟ್ಟು, ಊರೆಲ್ಲ ಸೇರಿ ಕೇಳಿ, ಗೆದ್ದವರನ್ನು ಗೌರವಿಸುವುದು. 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ನಡೆದ ಕೂಟವನ್ನು ಇದರ ಮೊದಲ ದಾಖಲೆ ಎನ್ನುತ್ತಾರೆ. ಲಾಂಗೊಥ್ಲೆನ್‌ನವರು ಮಾಡಿದ್ದೇನೆಂದರೆ, ತಮ್ಮ ನಾಡಿನೊಳಗಿದ್ದ ಆ ಹಬ್ಬದ ಬಾಗಿಲನ್ನು ಹೊರಗಿನವರಿಗೂ ತೆರೆದದ್ದು.

ನಾವಿರುವುದು ಮ್ಯಾಂಚೆಸ್ಟರ್‌ನಲ್ಲಿ. ಸಾಗರದಿಂದ ಅಮ್ಮ ಬಂದಿದ್ದರು. ಲಂಡನ್ ತೋರಿಸುವುದಕ್ಕಿಂತ ಇದನ್ನು ತೋರಿಸಬೇಕು ಅಂತ ನನಗೆ ತುಂಬಾ ಆಸೆಯಿತ್ತು. ಯಜಮಾನರು ರಜೆ ಹಾಕಿದರು, ಮಗಳು ಪುಟ್ಟಿಯನ್ನೂ ಕರೆದುಕೊಂಡು ಹೊರಟೆವು.

ಗುರುವಾರ

ಮ್ಯಾಂಚೆಸ್ಟರ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ಚೆಸ್ಟರ್, ರೆಕ್ಸಮ್ ದಾಟಿದ ಮೇಲೆ ಬೆಟ್ಟಗಳು ಹತ್ತಿರ ಬರುತ್ತವೆ, ರಸ್ತೆ ಬದಿಯ ಬೋರ್ಡುಗಳಲ್ಲಿ ಇಂಗ್ಲಿಷ್ ಜೊತೆ ವೆಲ್ಷ್ ಕಾಣಿಸುತ್ತದೆ. ರೈಲಿನಲ್ಲಿ ಬರುವವರು ರುಆಬನ್ ಸ್ಟೇಷನ್ನಿನಲ್ಲಿ ಇಳಿದು ಬಸ್ ಹಿಡಿಯಬೇಕು. ಹಬ್ಬದ ವಾರದಲ್ಲಿ ಊರೊಳಗೆ ರೂಮು ಸಿಗುವುದು ಕಷ್ಟ. ನಾವು ಊರಿನಿಂದ ಸ್ವಲ್ಪ ದೂರದಲ್ಲಿ, ಟ್ರೆವರ್ ಅನ್ನುವ ಹಳ್ಳಿಯಲ್ಲಿ ಉಳಿದುಕೊಂಡೆವು.

ಸಾಮಾನು ಇಟ್ಟು ನೇರ ಊರಿಗೆ ಬಂದೆವು. ನಡುಮಧ್ಯೆ ಹಳೆಯ ಕಲ್ಲಿನ ಸೇತುವೆ. ಕೆಳಗೆ ಡೀ ನದಿ ಬಂಡೆಗಳ ಮೇಲೆ ಸದ್ದು ಮಾಡುತ್ತಾ ಹರಿಯುತ್ತದೆ. ಪಕ್ಕದಲ್ಲೇ ಉಗಿಬಂಡಿಯ ಸ್ಟೇಷನ್. ಮುಚ್ಚಿಹೋಗಿದ್ದ ಹಳಿಯನ್ನು ರೈಲು ಪ್ರೀತಿಯ ಸ್ವಯಂಸೇವಕರು ಮತ್ತೆ ಹಾಕಿ, ಸ್ವಲ್ಪ ಸ್ವಲ್ಪವಾಗಿ ಬೆಳೆಸಿ, 2023ರಲ್ಲಿ ಕಾರ್ವೆನ್ ಊರಿನ ತನಕ ಮುಟ್ಟಿಸಿದ್ದಾರೆ. ಅಂಗಡಿಗಳ ನಡುವೆ ಬಣ್ಣಬಣ್ಣದ ಬಾವುಟಗಳ ಸಾಲು. ಕಿಟಕಿಗಳಲ್ಲೆಲ್ಲ ಹೂಕುಂಡ.

ಸೇತುವೆ ದಾಟಿ, ಕಾಲುವೆ ಪಕ್ಕದ ದಾರಿಯಲ್ಲಿ ನಡೆದರೆ ಹಬ್ಬದ ಬಯಲು. ಅಲ್ಲಿ ಬಿಳಿ ಬಟ್ಟೆಯ ಛಾವಣಿ ಹೊದ್ದ ದೊಡ್ಡ ಪೆವಿಲಿಯನ್ ಇದೆ. 1992ರಲ್ಲಿ ಕಟ್ಟಿದ್ದು. ಅದಕ್ಕೂ ಮೊದಲು ಪ್ರತಿ ವರ್ಷ ಬೃಹತ್ ಡೇರೆ ಹಾಕಿ, ಹಬ್ಬ ಮುಗಿದ ಮೇಲೆ ಬಿಚ್ಚುತ್ತಿದ್ದರು. ನಾವು ಹೋದಾಗ ಒಳಗೆ ಒಂದು ಸ್ಪರ್ಧೆ ಮುಗಿದು ಬಿಡುವಿತ್ತು. ವೇದಿಕೆಯ ಮುಂದೆ ಉದ್ದಕ್ಕೂ ಹೂವಿನ ಗೋಡೆ. ಹಾಡುಗಾರರು ಹೂದೋಟದೊಳಗಿಂದ ಎದ್ದು ನಿಂತಂತೆ ಕಾಣಬೇಕು, ಅಷ್ಟು ಹೂವು. ಇದನ್ನು ಜೋಡಿಸುವುದು ಊರಿನ ಮತ್ತು ಅಕ್ಕಪಕ್ಕದ ಸ್ವಯಂಸೇವಕರ ತಂಡ. ಕೆಲವರು ಬಕೆಟ್ ಹಿಡಿದು ಬಾಡಿದ ಹೂವು ತೆಗೆದು ಹೊಸದು ಸಿಕ್ಕಿಸುತ್ತಿದ್ದರು. ಹೆಚ್ಚಿನವರು ಅರವತ್ತು ದಾಟಿದವರು. ಅಮ್ಮ ಅಲ್ಲೇ ನಿಂತುಬಿಟ್ಟರು.

"ಇವರಿಗೆಲ್ಲ ಸಂಬಳ ಕೊಡ್ತಾರೇನೇ?" ಅಂತ ಕೇಳಿದರು.

"ಇಲ್ಲಮ್ಮ, ಎಲ್ಲಾ ಸುಮ್ನೆ ಬಂದು ಮಾಡೋದು."

ನನ್ನ ಮಾತು ಅರ್ಥವಾಗದಿದ್ದರೂ ಅಲ್ಲಿದ್ದ ಅಜ್ಜಿಯೊಬ್ಬರು ಹತ್ತಿರ ಬಂದರು. ಎಲ್ಲಿಂದ ಬಂದಿರಿ ಅಂತ ವಿಚಾರಿಸಿದರು. ಅವರ ತಾಯಿ ಶುರುವಿನ ವರ್ಷಗಳಲ್ಲಿ ಇದೇ ಹೂವಿನ ಕೆಲಸ ಮಾಡಿದ್ದರಂತೆ. ಮನೆಯಲ್ಲಿ ಪರದೇಶದ ಹುಡುಗಿಯರನ್ನು ಇಳಿಸಿಕೊಂಡು, ಮಕ್ಕಳನ್ನೆಲ್ಲ ಹಜಾರದಲ್ಲಿ ಮಲಗಿಸುತ್ತಿದ್ದರಂತೆ. "ನನಗೆ ಹಾಸಿಗೆ ಸಿಗುತ್ತಿರಲಿಲ್ಲ, ಆದರೆ ಆ ವಾರಕ್ಕೆ ವರ್ಷವೆಲ್ಲ ಕಾಯುತ್ತಿದ್ದೆ" ಅಂದರು. ಅಮ್ಮನಿಗೆ ಇದನ್ನು ಕನ್ನಡದಲ್ಲಿ ಹೇಳಿದೆ. ನಮ್ಮೂರ ಜಾತ್ರೆಗೆ ನೆಂಟರು ಬಂದಾಗ ನಾವೂ ಹೀಗೇ ಜಗಲಿ ಮೇಲೆ ಮಲಗುತ್ತಿದ್ದೆವಲ್ಲ, ಅಂದರು ಅಮ್ಮ. ಒಂದೇ ವ್ಯತ್ಯಾಸ, ಇಲ್ಲಿ ಬಂದವರು ನೆಂಟರಲ್ಲ. ಭಾಷೆಯೂ ಗೊತ್ತಿಲ್ಲದ ಅಪರಿಚಿತರು.

ಹಬ್ಬ ಹುಟ್ಟಿದ ಕಾಲವನ್ನು ನೆನೆದರೆ ಇದರ ತೂಕ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧದ ಸಮಯ. ಹ್ಯಾರಲ್ಡ್ ಟ್ಯೂಡರ್ ಅನ್ನುವ ಪತ್ರಕರ್ತ ಬ್ರಿಟಿಷ್ ಕೌನ್ಸಿಲ್‌ನಲ್ಲಿ ಕೆಲಸ ಮಾಡುತ್ತಿದ್ದರು. ಹಿಟ್ಲರನಿಂದ ತಪ್ಪಿಸಿಕೊಂಡು ಬ್ರಿಟನ್ನಿಗೆ ಬಂದಿದ್ದ ಸರ್ಕಾರಗಳ ಪ್ರತಿನಿಧಿಗಳನ್ನು 1943ರಲ್ಲಿ ಅವರು ವೇಲ್ಸ್‌ನ ರಾಷ್ಟ್ರೀಯ ಐಸ್ಟೆದ್‌ವೊಡ್‌ಗೆ ಕರೆದುಕೊಂಡು ಹೋದರು. ಯುದ್ಧ ಮುಗಿದ ಮೇಲೆ ಹಾಡಿನ ಮೂಲಕವೇ ದೇಶಗಳನ್ನು ಹತ್ತಿರ ತರಬಾರದೇಕೆ ಅನ್ನುವ ಯೋಚನೆ ಅಲ್ಲಿಂದ ಬೆಳೆಯಿತು. ಅದಕ್ಕೆ ಕಿವಿಗೊಟ್ಟವರು ಲಾಂಗೊಥ್ಲೆನ್‌ನವರೇ ಆದ ಸಂಗೀತಗಾರ, ಪ್ರಕಾಶಕ ಡಬ್ಲ್ಯು. ಎಸ್. ಗ್ವಿನ್ ವಿಲಿಯಮ್ಸ್ ಮತ್ತು ಊರಿನ ಕೌನ್ಸಿಲ್ ಅಧ್ಯಕ್ಷರಾಗಿದ್ದ ಜಾರ್ಜ್ ನಾರ್ದಿಂಗ್. ಊರಿನವರು ಚಂದಾ ಎತ್ತಿದರು.

ಆಗ ಬ್ರಿಟನ್ನಿನಲ್ಲಿ ಬ್ರೆಡ್ಡಿಗೂ ರೇಷನ್ ಇತ್ತು. ಯುದ್ಧ ನಡೆಯುವಾಗಲೂ ಇಲ್ಲದ ಬ್ರೆಡ್ ರೇಷನ್ 1946ರ ಜುಲೈನಲ್ಲಿ ಬಂದು ಎರಡು ವರ್ಷ ನಡೆಯಿತು. ತಮ್ಮ ತಟ್ಟೆಗೇ ಅಳತೆ ಹಾಕಿದ್ದ ಕಾಲದಲ್ಲಿ ಈ ಜನ ಪರದೇಶದವರನ್ನು ಊಟಕ್ಕೆ ಕರೆದರು. ನನಗೆ ಈ ಹಬ್ಬದ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಆಮೇಲೆ ಬಂದ ರಾಣಿ, ಹೆಸರಾಂತ ಗಾಯಕರು ಎಲ್ಲಾ ಇದರ ನಂತರದವರು.

1947ರ ಜೂನ್‌ನಲ್ಲಿ ಮೊದಲ ಹಬ್ಬ. ಯಾರಾದರೂ ಬರುತ್ತಾರೋ ಇಲ್ಲವೋ ಅನ್ನುವ ಭಯ ಊರಿಗೆಲ್ಲ ಇತ್ತು. ಅದೇ ಹೊತ್ತಿಗೆ ಫ್ರಾನ್ಸ್‌ನಲ್ಲಿ ರೈಲು ಮುಷ್ಕರ. ಮೊದಲು ಬಂದಿಳಿದವರು ಪೋರ್ಚುಗಲ್‌ನ ಪೋರ್ಟೊ ನಗರದ ಹೆಣ್ಣುಮಕ್ಕಳ ಹಾಡಿನ ತಂಡ. ಯುದ್ಧದಲ್ಲಿ ಹಾಳಾದ ರಸ್ತೆಗಳ ಮೇಲೆ ಬಸ್ಸಿನಲ್ಲಿ ಬಂದಿದ್ದರು. ಹಂಗೇರಿಯ ಕಾರ್ಮಿಕರ ತಂಡಕ್ಕೆ ರೈಲು ನಿಂತುಹೋಯಿತು. ಅವರು ಸಿಕ್ಕ ಸಿಕ್ಕ ಗಾಡಿ ಹಿಡಿದು ಬಂದರು, ಬಂದು ಗಂಡಸರ ವಿಭಾಗದಲ್ಲಿ ಗೆದ್ದರು.

ಶುಕ್ರವಾರ

ಬೆಳಿಗ್ಗೆ ಸಣ್ಣ ಮಳೆ. ವೇಲ್ಸ್‌ನಲ್ಲಿ ಜುಲೈ ಅಂದರೂ ಕೊಡೆ, ಸ್ವೆಟರ್ ಎರಡೂ ಬೇಕು. ದಿನದ ಟಿಕೆಟ್ ತೆಗೆದುಕೊಂಡು ಒಂಬತ್ತೂವರೆಗೆಲ್ಲ ಒಳಗೆ ಕೂತಿದ್ದೆವು.

ಹಗಲಿನ ಸ್ಪರ್ಧೆ ಹೇಗೆ ನಡೆಯುತ್ತದೆ ಅಂದರೆ, ತಂಡಗಳು ಒಂದಾದ ಮೇಲೊಂದು ಬಂದು ಹಾಡುತ್ತವೆ. ತೀರ್ಪುಗಾರರು ಕೇಳಿ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ಘೋಷಣೆ ವೆಲ್ಷ್‌ನಲ್ಲೂ ಇಂಗ್ಲಿಷ್‌ನಲ್ಲೂ. ಮಕ್ಕಳ ತಂಡ, ಯುವಕರ ತಂಡ, ಹೆಂಗಸರದು, ಗಂಡಸರದು, ಎಲ್ಲರೂ ಸೇರಿದ್ದು, ಜನಪದ ಹಾಡು, ಜನಪದ ಕುಣಿತ ಹೀಗೆ ವಿಭಾಗಗಳು. ಒಂದು ದೇಶದ ಹಾಡಿನ ಗುಂಗು ಇಳಿಯುವಷ್ಟರಲ್ಲಿ ಇನ್ನೊಂದು ದೇಶ ವೇದಿಕೆ ಮೇಲಿರುತ್ತದೆ.

ಪುಟ್ಟಿಗೆ ಮಕ್ಕಳ ಹಾಡು ಇಷ್ಟವಾಯಿತು. ಅದರಲ್ಲೂ ಸ್ಥಳೀಯ ಶಾಲೆಗಳ ಮಕ್ಕಳು ಶಾಂತಿಯ ಸಂದೇಶ ಹೇಳಿದ್ದು. ಇದೂ ಇಲ್ಲಿಯ ಹಳೆಯ ಪದ್ಧತಿ. ಹಾಡು, ಮಾತು, ಕುಣಿತ ಸೇರಿಸಿ ಮಕ್ಕಳೇ ಮಾಡುವ ಪುಟ್ಟ ಕಾರ್ಯಕ್ರಮ. ವೇದಿಕೆ ಮೇಲೆ ತಡವರಿಸಿದ ಹುಡುಗನೊಬ್ಬನಿಗೆ ಇಡೀ ಸಭೆ ಕಾದು ಕೂತಿತು. ಅವನು ಹೇಳಿ ಮುಗಿಸಿದಾಗ ಬಿದ್ದ ಚಪ್ಪಾಳೆ ದೊಡ್ಡವರ ಹಾಡಿಗೂ ಬಿದ್ದಿರಲಿಲ್ಲ.

ಮಧ್ಯಾಹ್ನ ನಮ್ಮ ಪಕ್ಕ ಕೂತಿದ್ದ ಹಿರಿಯರೊಬ್ಬರು 1949ರ ಕಥೆ ತೆಗೆದರು. ಇಲ್ಲಿಯವರಿಗೆಲ್ಲ ಗೊತ್ತಿರುವ ಕಥೆ. ಆ ವರ್ಷ ಜರ್ಮನಿಯ ಲ್ಯೂಬೆಕ್‌ನಿಂದ ಒಂದು ತಂಡ ಬಂದಿತ್ತು. ಯುದ್ಧ ಮುಗಿದು ನಾಲ್ಕೇ ವರ್ಷ. ಸಭೆಯಲ್ಲಿ ಕೂತವರ ಮನೆಗಳಲ್ಲಿ ಮಗನನ್ನು, ಅಣ್ಣನನ್ನು ಕಳೆದುಕೊಂಡವರಿದ್ದರು. ಜರ್ಮನ್ ತಂಡದವರು ಪರದೆಯ ಹಿಂದೆ ನಡುಗುತ್ತಾ ನಿಂತಿದ್ದರು. ಜನ ಏನು ಮಾಡುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಆಗ ನಿರೂಪಕ ಹವೆಲ್ ರಾಬರ್ಟ್ಸ್ ಮುಂದೆ ಬಂದು, ಜರ್ಮನಿಯಿಂದ ಬಂದಿರುವ ನಮ್ಮ ಗೆಳೆಯರನ್ನು ಸ್ವಾಗತಿಸೋಣ ಎಂದರು. ಡೇರೆ ತುಂಬ ಚಪ್ಪಾಳೆ. ಹಾಡಬೇಕಿದ್ದವರ ಕಣ್ಣಲ್ಲಿ ನೀರು.

ಕಥೆ ಹೇಳಿದ ಹಿರಿಯರು ಆಗ ಚಿಕ್ಕ ಹುಡುಗ. ತಂದೆಯ ಜೊತೆ ಬಂದಿದ್ದರಂತೆ. "ನಮ್ಮಪ್ಪ ಯುದ್ಧಕ್ಕೆ ಹೋಗಿ ಬಂದವರು. ಅವರು ಮೊದಲು ಕೈ ಕಟ್ಟಿಕೊಂಡು ಕೂತಿದ್ದರು. ಆಮೇಲೆ ಅವರೂ ಚಪ್ಪಾಳೆ ತಟ್ಟಿದರು" ಅಂದರು. ನಾನು ಅದನ್ನು ಅಮ್ಮನಿಗೆ ಹೇಳಿದಾಗ ಅವರು ಹಿರಿಯರ ಕಡೆ ತಿರುಗಿ ಕೈ ಮುಗಿದರು. ಅವರೂ ಮುಗಿದರು.

ನಾಲ್ಕು ವರ್ಷದ ನಂತರ, 1953ರಲ್ಲಿ, ಜರ್ಮನಿಯಿಂದಲೇ ಓಬರ್ನ್‌ಕಿರ್ಶೆನ್ ಅನ್ನುವ ಊರಿನ ಮಕ್ಕಳ ತಂಡ ಬಂತು. ಯುದ್ಧದಿಂದ ಅನಾಥರಾದ ಮಕ್ಕಳ ನೆರವಿಗಾಗಿ ಕಟ್ಟಿದ ತಂಡ ಅದು. ಈ ವೇದಿಕೆಯಲ್ಲಿ ಗೆದ್ದ ಅವರ ಹಾಡು ಬಿಬಿಸಿ ರೇಡಿಯೋದಲ್ಲಿ ಬಂದು ಬ್ರಿಟನ್ನಿನ ಮನೆಮನೆಗೂ ಹೋಯಿತು. ಅದೇ ವರ್ಷ ಪಟ್ಟಾಭಿಷೇಕದ ನಂತರ ವೇಲ್ಸ್ ಸುತ್ತುತ್ತಿದ್ದ ರಾಣಿ ಎಲಿಜಬೆತ್ ಕೂಡ ಹಬ್ಬಕ್ಕೆ ಬಂದರು. ಕವಿ ಡಿಲನ್ ಥಾಮಸ್ ಬಂದು ನೋಡಿ, ರೇಡಿಯೋಗೆ ಬರೆದು ಓದಿದರು. ಆ ವರ್ಷವೇ ನವೆಂಬರ್‌ನಲ್ಲಿ ಅವರು ತೀರಿಕೊಂಡರು.

ಸಂಜೆ ಹೊತ್ತಿಗೆ ಮಳೆ ನಿಂತಿತು. ಮೆರವಣಿಗೆಗೆ ಜನ ರಸ್ತೆ ಬದಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೇತುವೆಯ ಕಡೆಯಿಂದ ಒಂದೊಂದೇ ತಂಡ ತನ್ನ ನಾಡಿನ ಬಟ್ಟೆ ತೊಟ್ಟು, ಬಾವುಟ ಹಿಡಿದು ಬಂತು. ಕಸೂತಿಯ ಲಂಗ, ಗರಿಯ ತಲೆಯುಡುಗೆ, ಮರದ ಚಪ್ಪಲಿಯ ಟಕಟಕ. ಮೆರವಣಿಗೆ ಅಂದರೆ ಬರೀ ನಡೆದು ಹೋಗುವುದಲ್ಲ. ನಿಂತ ಕಡೆ ಹಾಡುತ್ತಾರೆ, ನೋಡುವವರ ಕೈ ಹಿಡಿದು ಎಳೆಯುತ್ತಾರೆ. ಪಂಜಾಬಿನ ಭಾಂಗ್ರಾ ತಂಡದ ಢೋಲಿನ ಸದ್ದು ಮೊದಲೇ ಕೇಳಿಸಿತು. ಅಮ್ಮ ಕುರ್ಚಿಯಿಂದ ಎದ್ದರು. ತಂಡದ ಹುಡುಗನೊಬ್ಬ ಸೀರೆ ನೋಡಿದ್ದೇ ತಡ, ಓಡಿ ಬಂದು "ಆಂಟೀಜಿ, ಆಯಿಯೇ" ಅಂತ ಕೈ ಹಿಡಿದು ಕರೆದುಕೊಂಡು ಹೋದ. ಎಪ್ಪತ್ತರ ಹತ್ತಿರದ ನಮ್ಮಮ್ಮ ವೇಲ್ಸ್‌ನ ರಸ್ತೆಯಲ್ಲಿ ಭಾಂಗ್ರಾಕ್ಕೆ ಹೆಜ್ಜೆ ಹಾಕಿದರು. ಪುಟ್ಟಿ ಹಿಂದೆಯೇ ಓಡಿದಳು. ನಾನು ಫೋನ್ ತೆಗೆಯಲೂ ಹೋಗಲಿಲ್ಲ, ನೋಡುತ್ತಾ ನಿಂತೆ.

ಶನಿವಾರ

ಬೆಳಿಗ್ಗೆ ಯಜಮಾನರು ಒಬ್ಬರೇ ದಿನಾಸ್ ಬ್ರಾನ್ ಬೆಟ್ಟ ಹತ್ತಿ ಬಂದರು. ಮೇಲೆ 13ನೇ ಶತಮಾನದ ಕೋಟೆಯ ಪಾಳು ಗೋಡೆಗಳಿವೆ. ಅಲ್ಲಿಂದ ಇಡೀ ಕಣಿವೆ, ಬಿಳಿ ಪೆವಿಲಿಯನ್ ಎಲ್ಲಾ ಕಾಣುತ್ತದಂತೆ. ಚಡಾವು ಜೋರಾಗಿದೆ, ಮೊಣಕಾಲು ನೋವಿರುವವರು ಹೋಗುವುದು ಬೇಡ. ನಾವು ಮೂವರು ಕುದುರೆ ಎಳೆಯುವ ದೋಣಿಯಲ್ಲಿ ಕಾಲುವೆ ಸುತ್ತಿದೆವು. 1884ರಿಂದ ಪ್ರವಾಸಿಗಳಿಗಾಗಿ ನಡೆಯುತ್ತಿರುವ ದೋಣಿ. ಕುದುರೆ ದಡದ ಮೇಲೆ ನಡೆಯುತ್ತದೆ, ಹಗ್ಗ ಕಟ್ಟಿದ ದೋಣಿ ಸದ್ದಿಲ್ಲದೆ ಹಿಂದೆ ಜಾರುತ್ತದೆ.

ಮತ್ತೆ ಬಯಲಿಗೆ ಬಂದಾಗ ಹುಲ್ಲಿನ ಮೇಲೆ ಅಲ್ಲಲ್ಲಿ ತಂಡಗಳು ಅಭ್ಯಾಸ ಮಾಡುತ್ತಿದ್ದವು. ಹೊರಗಿನ ಸಣ್ಣ ವೇದಿಕೆಗಳಲ್ಲೂ ಹಾಡು, ಕುಣಿತ. ನನಗೆ ಪೆವಿಲಿಯನ್ ಒಳಗಿನ ಸ್ಪರ್ಧೆಯಷ್ಟೇ ಈ ಬಯಲೂ ಇಷ್ಟ. ಸ್ಪರ್ಧೆಯ ಒತ್ತಡ ಇಲ್ಲಿಲ್ಲ. ಒಂದು ತಂಡ ಹಾಡುತ್ತಿದ್ದರೆ ಇನ್ನೊಂದು ತಂಡದವರು ಐಸ್‌ಕ್ರೀಮ್ ಹಿಡಿದು ಬಂದು ಕೂತು ಕೇಳುತ್ತಾರೆ. ತಮಗೆ ಗೊತ್ತಿರುವ ರಾಗ ಬಂದರೆ ದನಿ ಸೇರಿಸುತ್ತಾರೆ.

ರಾತ್ರಿಯ ದೊಡ್ಡ ಸಂಗೀತ ಕಛೇರಿಗಳಿಗೆ ಈಗ ಜನ ಜಾಸ್ತಿ. ಹೆಸರಾಂತ ಗಾಯಕರ ಹಾಡಿಗೆ ಟಿಕೆಟ್ ಬೇಗ ಮುಗಿಯುತ್ತದೆ. ಹಗಲಿನ ಸ್ಪರ್ಧೆಯ ಹೊತ್ತಿನಲ್ಲಿ ಖಾಲಿ ಕುರ್ಚಿ ಕಂಡು ನನಗೆ ಬೇಸರವಾಯಿತು. ಹಬ್ಬ ಹುಟ್ಟಿದ್ದೇ ಈ ಹಗಲಿಗಾಗಿ ಅಲ್ವಾ? ರಾತ್ರಿಯ ಹಣ ಇಲ್ಲದೆ ಹಗಲು ನಡೆಯುವುದು ಕಷ್ಟ ಅನ್ನುವುದೂ ನಿಜ. ದೂರದ ತಂಡಗಳಿಗೆ ವಿಮಾನದ ಖರ್ಚು, ವೀಸಾ, ಎರಡೂ ದೊಡ್ಡ ತಲೆನೋವು. ಕೋವಿಡ್‌ನಿಂದ 2020ರಲ್ಲಿ ಹಬ್ಬ ನಡೆಯಲೇ ಇಲ್ಲ, 2021ರಲ್ಲಿ ಆನ್‌ಲೈನ್ ಆಯಿತು. ಮತ್ತೆ 2022ರಲ್ಲಿ ಜನ ಬಯಲಿಗೆ ಬಂದರು. ಅಷ್ಟು ದೊಡ್ಡ ಪೆಟ್ಟು ತಿಂದೂ ಎದ್ದು ನಿಂತ ಹಬ್ಬ ಇದು. ಹಗಲು ಬಂದು ಕೂರುವ ಕೇಳುಗರು ಇನ್ನೂ ಹೆಚ್ಚಬೇಕು, ಅಷ್ಟೇ.

ಶನಿವಾರ ರಾತ್ರಿ ಮಾತ್ರ ಪೆವಿಲಿಯನ್ ತುಂಬಿತ್ತು. ವಾರದಲ್ಲಿ ಬೇರೆ ಬೇರೆ ವಿಭಾಗಗಳಲ್ಲಿ ಗೆದ್ದ ತಂಡಗಳ ಅಂತಿಮ ಸ್ಪರ್ಧೆ. ಗೆದ್ದವರಿಗೆ ಇಟಲಿಯ ಹೆಸರಾಂತ ಒಪೆರಾ ಗಾಯಕ ಲುಚಿಯಾನೊ ಪವರೋಟಿ ಹೆಸರಿನ ಟ್ರೋಫಿ. ಯಾಕೆ ಪವರೋಟಿ? 1955ರಲ್ಲಿ ಇಟಲಿಯ ಮೊಡೆನಾದಿಂದ ಗಂಡಸರ ತಂಡವೊಂದು ಇಲ್ಲಿಗೆ ಬಂದಿತ್ತು. ಅದರಲ್ಲಿ ಬ್ರೆಡ್ ಸುಡುವ ಕೆಲಸದ ಫರ್ನಾಂಡೊ ಪವರೋಟಿ ಹಾಡುತ್ತಿದ್ದರು. ಪಕ್ಕದಲ್ಲಿ ಅವರ 19 ವರ್ಷದ ಮಗ ಲುಚಿಯಾನೊ. ತಂಡಕ್ಕೆ ಮೊದಲ ಬಹುಮಾನ ಬಂತು. ಹಾಡನ್ನೇ ಬದುಕಾಗಿ ಮಾಡಿಕೊಳ್ಳಲು ಆ ಗೆಲುವೇ ಪ್ರೇರಣೆ ಅಂತ ಆ ಮಗ ಜಗತ್ತಿಗೆಲ್ಲ ಗೊತ್ತಾದ ಮೇಲೆ ಹೇಳಿಕೊಂಡರು. 1995ರಲ್ಲಿ, ಸರಿಯಾಗಿ ನಲವತ್ತು ವರ್ಷಕ್ಕೆ, ಲಾಂಗೊಥ್ಲೆನ್‌ಗೆ ಮರಳಿ ಬಂದು ಹಾಡಿದರು.

ಅಂತಿಮ ಸ್ಪರ್ಧೆಯನ್ನು ವರ್ಣಿಸುವಷ್ಟು ಪಾಶ್ಚಾತ್ಯ ಸಂಗೀತದ ತಿಳಿವಳಿಕೆ ನನಗಿಲ್ಲ. ಕೇಳಿದ್ದನ್ನು ಹೇಳುತ್ತೇನೆ. ಹುಡುಗಿಯರ ತಂಡವೊಂದು ಪಕ್ಕವಾದ್ಯ ಯಾವುದೂ ಇಲ್ಲದೆ ಬಹಳ ಸಣ್ಣ ದನಿಯಲ್ಲಿ ಶುರು ಮಾಡಿತು. ದನಿಗಳು ಒಂದರ ಮೇಲೊಂದು ಕೂಡುತ್ತಾ ಹೋದವು. ಒಬ್ಬೊಬ್ಬರ ದನಿಯೂ ಬೇರೆಯಾಗಿ ಕೇಳುತ್ತಿತ್ತು, ಒಟ್ಟಾಗಿಯೂ ಕೇಳುತ್ತಿತ್ತು. ಅಮ್ಮ ಮದುವೆ ಮನೆಗಳಲ್ಲಿ ಸಂಪ್ರದಾಯದ ಹಾಡು ಹೇಳುವವರು. ಅಲ್ಲಿ ಎಲ್ಲರೂ ಒಂದೇ ಧಾಟಿ. "ಇಷ್ಟು ಧಾಟಿ ಒಟ್ಟಿಗೆ ಹಿಡಿದರೂ ಯಾರೂ ಜಾರಲಿಲ್ಲ ನೋಡು" ಅಂದರು. ಫಲಿತಾಂಶ ಹೇಳಿದಾಗ ಗೆಲ್ಲದ ತಂಡಗಳೇ ಮೊದಲು ಎದ್ದು ಕೂಗಿ ಸಂಭ್ರಮಿಸಿದವು.

ಟ್ರೋಫಿಗಳ ಮೇಲೆ ವೆಲ್ಷ್ ಕವಿ ಟಿ. ಗ್ವಿನ್ ಜೋನ್ಸ್ ಅವರ ಎರಡು ಸಾಲಿವೆ. ಹಾಡುವ ಲೋಕ ಧನ್ಯ, ಅದರ ಹಾಡುಗಳು ಮೃದು ಅನ್ನುವ ಅರ್ಥದವು. 2004ರಲ್ಲಿ ಈ ಹಬ್ಬದ ಹೆಸರನ್ನು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸಲಾಗಿತ್ತು. ಸೂಚಿಸಿದವರು ಟೆರಿ ವೇಟ್. ಲೆಬನಾನಿನಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಹೋಗಿ, ತಾವೇ 1987ರಿಂದ 1991ರವರೆಗೆ ಸೆರೆಯಲ್ಲಿದ್ದವರು. ಆಮೇಲೆ ಈ ಹಬ್ಬದ ಅಧ್ಯಕ್ಷರಾದರು.

ಭಾನುವಾರ

ಹೊರಡುವ ಮೊದಲು ಪೊಂಟ್‌ಕಸಲ್ತೆ ಅನ್ನುವ ಕಾಲುವೆ ಸೇತುವೆ ನೋಡಿದೆವು. ನಾವು ಉಳಿದಿದ್ದ ಟ್ರೆವರ್ ಪಕ್ಕದಲ್ಲೇ ಇದೆ. ತೆಲ್ಫೋರ್ಡ್ ಮತ್ತು ಜೆಸಪ್ ಅನ್ನುವ ಎಂಜಿನಿಯರುಗಳು ಕಟ್ಟಿ 1805ರಲ್ಲಿ ಮುಗಿಸಿದ್ದು. ಡೀ ನದಿಯಿಂದ 38 ಮೀಟರ್ ಎತ್ತರದಲ್ಲಿ ಕಬ್ಬಿಣದ ತೊಟ್ಟಿಯಲ್ಲಿ ಕಾಲುವೆ ಹರಿಯುತ್ತದೆ, ಅದರಲ್ಲಿ ದೋಣಿ ಹೋಗುತ್ತದೆ. 2009ರಿಂದ ವಿಶ್ವ ಪರಂಪರೆ ತಾಣ. ಒಂದು ಬದಿ ನಡೆಯುವ ದಾರಿಗೆ ಕಂಬಿಯಿದೆ, ಇನ್ನೊಂದು ಬದಿ ಏನೂ ಇಲ್ಲ. ಪುಟ್ಟಿಯ ಕೈ ಬಿಡಲಿಲ್ಲ.

ಆಮೇಲೆ ಕೊನೆಯದಾಗಿ ಊರಿಗೆ ಹೋಗಿ, ಬಯಲಿನ ಮಾಹಿತಿ ಮೇಜಿನ ಹತ್ತಿರ ನಿಂತೆವು. ಇದು ಅಮ್ಮನ ಹಟ. ಭಾಂಗ್ರಾ ನೋಡಿದಾಗಿನಿಂದ ಅವರ ತಲೆಯಲ್ಲಿ ಒಂದೇ ವಿಚಾರ.

"ನಮ್ಮ ಕಡೆ ಡೊಳ್ಳು ಕುಣಿತ ಇಲ್ಲಿ ಯಾಕೆ ಬರಬಾರದು? ಕೇಳು ಕಣೇ" ಅಂದರು.

ಕೇಳಿದೆ. ಮೇಜಿನ ಹಿಂದಿದ್ದ ಹೆಂಗಸು ತುಂಬಾ ಆಸಕ್ತಿಯಿಂದ ಉತ್ತರಿಸಿದರು. ಜನಪದ ಕುಣಿತದ ವಿಭಾಗಕ್ಕೆ ಯಾವ ದೇಶದ ತಂಡವೂ ಅರ್ಜಿ ಹಾಕಬಹುದು. ತಮ್ಮ ನಾಡಿನ ನಿಜವಾದ ಕುಣಿತ ಆಗಿರಬೇಕು, ವಾದ್ಯ ಅಲ್ಲೇ ನುಡಿಸಬೇಕು, ರೆಕಾರ್ಡ್ ಹಾಕಿದರೆ ಆಗದು. ಅರ್ಜಿ ಬಹಳ ತಿಂಗಳು ಮೊದಲೇ ಹೋಗಬೇಕು. ಡೊಳ್ಳು ಅಂದರೇನು ಅಂತ ಅವರು ಕೇಳಿದಾಗ ಅಮ್ಮ ಮಾತಿಗೆ ಕಾಯಲಿಲ್ಲ. ಸೊಂಟದ ಮುಂದೆ ಕೈ ಅಗಲಿಸಿ ಗಾತ್ರ ತೋರಿಸಿದರು. ಮೇಜಿನ ಮೇಲೆ ಎರಡೂ ಕೈಯಲ್ಲಿ ಬಡಿದು ಗತ್ತು ಹಿಡಿದರು. ಆ ಹೆಂಗಸು ನಗುತ್ತಾ, ಇದಕ್ಕೆ ನಮ್ಮ ಬಯಲೇ ಸರಿ ಅಂದರು.

ನನಗೂ ಹಾಗೇ ಅನ್ನಿಸುತ್ತದೆ. ಸಾಗರ, ಸೊರಬ, ಶಿವಮೊಗ್ಗದ ಕಡೆ ಡೊಳ್ಳಿನ ಒಳ್ಳೊಳ್ಳೆಯ ತಂಡಗಳಿವೆ, ಹೆಣ್ಣುಮಕ್ಕಳ ತಂಡಗಳೂ ಇವೆ. ಮೈಸೂರು ಸೀಮೆಯಲ್ಲಿ ಕಂಸಾಳೆ ಇದೆ. ದಸರಾ ಮೆರವಣಿಗೆಯಲ್ಲಿ ಲಕ್ಷ ಜನರ ಮುಂದೆ ಕುಣಿದವರು ಇವರು. ಇಂಥ ತಂಡದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚನೆ ಮಾಡಿ. ಖರ್ಚು ದೊಡ್ಡದು, ನಿಜ. ಬ್ರಿಟನ್ನಿನಲ್ಲಿರುವ ಕನ್ನಡದವರು ಸೇರಿದರೆ ಒಂದಷ್ಟು ಭಾರ ಹೊರಬಹುದು. ವೀಸಾಕ್ಕೆ ಆಹ್ವಾನ ಪತ್ರ ಬೇಗ ತರಿಸಿಕೊಳ್ಳಿ. ಜುಲೈ ಚಳಿಗೆ ಒಂದೊಂದು ಸ್ವೆಟರ್ ಇಟ್ಟುಕೊಳ್ಳಿ. ಮ್ಯಾಂಚೆಸ್ಟರ್‌ನಲ್ಲಿ ಇಳಿದರೆ ಮೊದಲ ರಾತ್ರಿ ನಮ್ಮ ಮನೆಯಲ್ಲೇ. ಆರು ಜನಕ್ಕೆ ಹಾಸಿಗೆ ಇದೆ, ಉಳಿದವರಿಗೆ ಹಜಾರದಲ್ಲಿ ಚಾಪೆ ಹಾಸುತ್ತೇವೆ. ಊಟಕ್ಕೆ ಅನ್ನ, ಸಾರು, ಅಮ್ಮನ ಉಪ್ಪಿನಕಾಯಿ ಇರುತ್ತದೆ.